ಕೆರೆಯಂಚಿನ ಕುಳ್ಳ

ಬೆಂಗಳೂರು, ಮೈಸೂರುಗಳ ಕೆರೆದಂಡೆಯಲ್ಲಿ ನಿಂತವರ ಕಣ್ಣು ನೀರಿನ ನಡುವಣ ಬೆಳ್ಳಕ್ಕಿಯನ್ನೋ ತಾವರೆಯನ್ನೋ ಅರಸುತ್ತದೆ. ಕಾಲ ಬಳಿಯ ಜೊಂಡಿನಲ್ಲಿ, ನೆಲದಿಂದ ಗೇಣೆತ್ತರದಲ್ಲಿ, ಸೂಜಿಯಂತಹ ಜೀವಿಯೊಂದು ಎಲೆಯಿಂದ ಎಲೆಗೆ ತೇಲುತ್ತಿರುವುದು ಕಾಣುವುದೇ ಇಲ್ಲ.

ಮಕ್ಕಳ ಏರೋಪ್ಲೇನ್ ಚಿಟ್ಟೆಗೆ ಇದು ದಾಯಾದಿ. ಕುಳಿತಾಗ ಅದು ರೆಕ್ಕೆಗಳನ್ನು ಚಾಚುತ್ತದೆ. ಇದು ಬೆನ್ನ ಮೇಲೆ ಮಡಿಸಿಕೊಳ್ಳುತ್ತದೆ. ಉದ್ದ ಸುಮಾರು 2 ಸೆಂಟಿಮೀಟರು. ಗಂಡಿನ ಕಪ್ಪು ಎದೆಯ ಮೇಲೆ ಹಸಿರು ಗೆರೆ, ಬಾಲದ ತುದಿ ಇಟ್ಟಿಗೆಗೆಂಪು. ಎಳೆಯ ಹೆಣ್ಣಿನ ಮೈಯೆಲ್ಲ ಕೆಂಪಾದುದರಿಂದ ಅದನ್ನು ಬೇರೆ ಜಾತಿಯೆಂದು ಭ್ರಮಿಸುವವರುಂಟು. 1842ರಲ್ಲಿ ರಾಂಬೂರ್ ಎಂಬ ಫ್ರೆಂಚ್ ಕೀಟಶಾಸ್ತ್ರಜ್ಞ ಇದಕ್ಕೆ ಕುಳ್ಳ ಎಂಬರ್ಥದ ಹೆಸರಿಟ್ಟನು. ಅಗ್ರಿಯೊಕ್ನೆಮಿಸ್ ಪಿಗ್ಮಿಯಾ ಎಂಬುದು ಇಂದಿನ ಶಾಸ್ತ್ರೀಯ ನಾಮ.

ಹೆಣ್ಣು ನೀರಂಚಿನ ಸಸ್ಯವನ್ನು ಸೀಳಿ ಅದರೊಳಗೆ ತತ್ತಿಯಿಡುತ್ತದೆ. ಬಾಲದಲ್ಲಿ ಎಲೆಯಾಕಾರದ ಮೂರು ಕಿವಿರುಗಳುಳ್ಳ ಮರಿ ನೀರಿನಲ್ಲಿ ಸೊಳ್ಳೆಮರಿಗಳನ್ನೂ ತಿಂದು ಬೆಳೆದು, ಕಡೆಗೆ ಹುಲ್ಲುಕಡ್ಡಿಯನ್ನೇರಿ ಪೊರೆ ಕಳಚುತ್ತದೆ. ಹುಟ್ಟಿಗೂ ಹುಲ್ಲು, ಬಾಳಿಗೂ ಹುಲ್ಲು.

ಸೊಬಗಿಗೆಂದು ಜೊಂಡನ್ನೆಲ್ಲ ಕಿತ್ತು ಕಲ್ಲು ಕಟ್ಟಿದರೆ ಕೆರೆ ಅಚ್ಚುಕಟ್ಟಾಗುತ್ತದೆ, ನಿಜ. ನೀರೂ ಉಳಿಯುತ್ತದೆ. ಆದರೆ ಕುಳ್ಳನಿಗೆ ತೊಟ್ಟಿಲೂ ಮನೆಯೂ ಒಮ್ಮೆಗೇ ಹೋಗುತ್ತವೆ. ಸೊಳ್ಳೆಗೋ ಒಬ್ಬ ಶತ್ರು ಕಡಿಮೆ. ಕೆರೆಯನ್ನು ಸಿಂಗರಿಸುವವರು ನಾಲ್ಕು ಮಾರು ದಂಡೆಯನ್ನಾದರೂ ಅದರ ಪಾಡಿಗೆ ಬಿಡಲಿ.