ಸಿದ್ದಾಪುರದ ಗುಜರಿ ಅಂಗಡಿಯೇ ಪಾಠಶಾಲೆ

ಅಶೋಕ ಪಿಲ್ಲರ್‌ನಿಂದ ಸಿದ್ದಾಪುರದ ಕಡೆ ಸ್ವಲ್ಪ ನಡೆದರೂ ಸಾಕು, ಊರೇ ಬದಲಾದ ಹಾಗೆ ಅನಿಸುತ್ತೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಜಾಗ ಅದು. ಸಿದ್ದಾಪುರ ಅದಕ್ಕೂ ಹಳೇ ಹಳ್ಳಿ. ಆ ಕಡೆ ಅಳತೆ ಹಾಕಿ ಎಳೆದ ರಸ್ತೆಗಳು, ಈ ಕಡೆ ಕಿರಿದಾದ ಗಲ್ಲಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು.

ಶನಿವಾರ ಲ್ಯಾಪ್‌ಟಾಪ್ ಮುಚ್ಚಿಟ್ಟು ಅಕ್ಕನ ಮಗಳ ಜೊತೆ ಇಲ್ಲಿ ಸುತ್ತೋದು ನನ್ನ ಅಭ್ಯಾಸ. ಅವಳಿಗೆ ನಾಲ್ಕು ವರ್ಷ. ಹಸಿ ಕಸಕ್ಕೆ ಹಸಿರು ಡಬ್ಬಿ, ಡಯಾಪರ್‌ನಂಥದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ: 2015ರ ಹೈಕೋರ್ಟ್ ಆದೇಶದ ನಂತರ ಬೆಂಗಳೂರಿನ ಮನೆಗಳಿಗೆ ಬಂದ ಈ ಲೆಕ್ಕ ಅವಳ ಪ್ಲೇ ಸ್ಕೂಲಿಗೂ ಬಂದಿದೆ. ಗಿಣಿ ಥರ ಒಪ್ಪಿಸ್ತಾಳೆ. "ಆಮೇಲೆ ಕಸ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದೆ. "ಆಟೋದಲ್ಲಿ ಹೋಗುತ್ತೆ. ಆಮೇಲೆ ಇಲ್ಲ" ಅಂದಳು.

ನಾವು ದೊಡ್ಡವರೂ ನಂಬಿರೋದು ಅದನ್ನೇ ಅಲ್ವಾ?

ಉತ್ತರ ಸಿಕ್ಕಿದ್ದು ಗಲ್ಲಿಯ ಗುಜರಿ ಅಂಗಡಿಯಲ್ಲಿ. ತಕ್ಕಡಿ, ರಟ್ಟಿನ ರಾಶಿ, ಹಳೇ ಪೇಪರ್, ಸೊಟ್ಟ ಪಾತ್ರೆ. ಎಲ್ಲಕ್ಕೂ ಒಂದೊಂದು ರೇಟು. ಅವಳ ಕೈಲಿದ್ದ ಖಾಲಿ ಚಿಪ್ಸ್ ಪ್ಯಾಕೆಟ್ ಚಾಚಿದಳು. ಅಂಗಡಿಯವರು ನಕ್ಕು, "ಬೇಡ ಪುಟ್ಟಿ, ಇದನ್ನ ಯಾರೂ ತಗೊಳಲ್ಲ" ಅಂದರು. ಪ್ಲಾಸ್ಟಿಕ್ ಮೇಲೆ ಲೋಹದ ತೆಳು ಪದರ ಅಂಟಿರುವ ಪ್ಯಾಕೆಟ್ ಅದು. ಪದರ ಬಿಡಿಸೋದು ಕಷ್ಟ, ಅದಕ್ಕೇ ಬೆಲೆ ಇಲ್ಲ.

ಆವತ್ತಿನಿಂದ ಮನೇಲಿ ಗುಜರಿ ಆಟ. ಎರಡು ಡಬ್ಬಿ, ಒಂದು ಕೋಲು, ದಾರ ಇದ್ದರೆ ತಕ್ಕಡಿ ರೆಡಿ. ತೊಳೆದ ಹಾಲಿನ ಕವರ್, ರಟ್ಟು, ಸ್ಟೀಲ್ ಚಮಚ, ಬಾಳೆಹಣ್ಣಿನ ಸಿಪ್ಪೆ ಕೊಡಿ. ಗಾಜು, ಬ್ಲೇಡು, ಬ್ಯಾಟರಿ ಮಾತ್ರ ಮಗುವಿನ ಕೈಗೆ ಬೇಡ. ಮಗುವೇ ಅಂಗಡಿ ಯಜಮಾನಿ, ನಾವು ಗಿರಾಕಿಗಳು. ಯಾವುದು ಬೇಕು, ಯಾವುದು ಬೇಡ ಅಂತ ಅವಳೇ ಹೇಳಬೇಕು. ಸಿಪ್ಪೆ ಬಂದರೆ "ಇದು ಗಿಡಕ್ಕೆ" ಅಂತ ವಾಪಸ್ ಕೊಡ್ತಾಳೆ. ಅದನ್ನು ಕಲಿತದ್ದು ಪಕ್ಕದ ಲಾಲ್‌ಬಾಗ್‌ನಲ್ಲಿ: ಮರದಡಿ ಮೇಲಿನ ಎಲೆ ಗರಿಗರಿ, ಕೆದಕಿದರೆ ಕೆಳಗಿನದು ಆಗಲೇ ಮಣ್ಣು.

ಚಿಪ್ಸ್ ತಿನ್ನೋದನ್ನ ಅವಳೇನೂ ಬಿಟ್ಟಿಲ್ಲ. ಆದರೆ ಅಂಗಡಿಯಲ್ಲಿ ಪ್ಯಾಕೆಟ್ ಹಿಡಿದು, "ಮಾಮ, ಇದನ್ನ ಗುಜರಿಯವರು ತಗೋತಾರಾ?" ಅಂತ ಕೇಳ್ತಾಳೆ. ಕೊಳ್ಳೋ ಮುಂಚೆ ಈ ಪ್ರಶ್ನೆ ನಮ್ಮಲ್ಲಿ ಎಷ್ಟು ಜನ ಕೇಳ್ತೀವಿ?

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಇದು ಆಟ. ಇದೇ ನಗರದಲ್ಲಿ ಕಸ ಆಯುವವರ ಮಕ್ಕಳಿಗೆ ಇದು ಮನೆಯ ಊಟ. ಅವರಿಗಾಗಿಯೇ ಹಸಿರು ದಳ ಸಂಸ್ಥೆ ಬನಶಂಕರಿಯಲ್ಲಿ ‘ಬುಗುರಿ’ ಅನ್ನೋ ಗ್ರಂಥಾಲಯ ಶುರು ಮಾಡಿತು. ಆದ್ದರಿಂದ ಆಟಕ್ಕೆ ಕೊನೆಯ ನಿಯಮವೊಂದನ್ನು ಸೇರಿಸಿದ್ದೇವೆ: ಒಡೆದ ಗಾಜನ್ನು ಅಕ್ಕ ದಪ್ಪ ಪೇಪರಿನಲ್ಲಿ ಸುತ್ತುತ್ತಾಳೆ, ಪುಟ್ಟಿ ಅದರ ಮೇಲೆ ಕೆಂಪು ಕ್ರೇಯಾನ್‌ನಲ್ಲಿ ದೊಡ್ಡ ಗುರುತು ಹಾಕ್ತಾಳೆ. ಯಾಕೆ ಅಂತ ಕೇಳಿದರೆ ಅವಳ ಉತ್ತರ ಇಷ್ಟೇ: "ಕಸದ ಆಂಟಿ ಕೈಗೆ ಗಾಯ ಆಗಬಾರದು."