ನಾಬೋತನ ತೋಟಕ್ಕೆ ಯಾರ್ಯಾರ ಸಹಿ?

ದಾವಣಗೆರೆಯ ವಿನೋಬನಗರಕ್ಕೆ ಹೋಗೋಕೆ ಆಟೋದವರಿಗೆ ಎಷ್ಟನೇ ಮೇನು, ಎಷ್ಟನೇ ಕ್ರಾಸು ಅಂತ ಹೇಳಿದ್ರೆ ಸಾಕು. ಆ ಹೆಸರು ಯಾರದ್ದು ಅಂತ ಯಾರೂ ಕೇಳಲ್ಲ. ಜಮೀನು ಕೇಳುತ್ತಾ ಊರೂರು ನಡೆದ ವಿನೋಬಾ ಭಾವೆಯವರದ್ದು ಅದು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ, ಭೂಮಿ ಇಲ್ಲದವರಿಗೆ ಯಾರಾದರೂ ಕೊಡುತ್ತೀರಾ ಅಂತ ಅವರು ಕೇಳಿದರು. ರಾಮಚಂದ್ರ ರೆಡ್ಡಿ ಎಂಬುವರು 100 ಎಕರೆ ಕೊಡುತ್ತೇನೆಂದರು. ಭೂದಾನ ಶುರುವಾಗಿದ್ದು ಹಾಗೆ. ಕೇಳಿದವರ ಕೈಯಲ್ಲಿ ಅಧಿಕಾರವೇನೂ ಇರಲಿಲ್ಲ.

ವಿನೋಬಾ ಬೈಬಲನ್ನೂ ಚೆನ್ನಾಗಿ ಓದಿಕೊಂಡಿದ್ದವರು. ಕ್ರಿಸ್ತನ ಬೋಧನೆಗಳ ಸಾರವನ್ನು ಒಂದು ಪುಸ್ತಕವಾಗಿಯೇ ಸಂಗ್ರಹಿಸಿದ್ದಾರೆ. ಅದೇ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಜಮೀನು ಕೇಳಿದ ಇನ್ನೊಬ್ಬನ ಕಥೆ ಇದೆ. ಅವನು ರಾಜ ಅಹಾಬ.

ಅರಮನೆ ಪಕ್ಕದಲ್ಲೇ ನಾಬೋತನ ದ್ರಾಕ್ಷಿ ತೋಟ. ಅದನ್ನ ಕಾಯಿಪಲ್ಲೆ ತೋಟ ಮಾಡ್ಕೋಬೇಕು ಅಂತ ರಾಜನಿಗೆ ಆಸೆ. ಬದಲಿಗೆ ಇದಕ್ಕಿಂತ ಒಳ್ಳೆ ತೋಟ ಕೊಡ್ತೀನಿ, ಬೇಡಾಂದ್ರೆ ದುಡ್ಡು ಕೊಡ್ತೀನಿ ಅಂದ. ಇಲ್ಲೀತನಕ ತಪ್ಪೇನಿಲ್ಲ. ನಾಬೋತ, ಇದು ಪಿತ್ರಾರ್ಜಿತ, ಕೊಡಲ್ಲ ಅಂದ. ಹಳ್ಳಿಯಿಂದ ಬಂದ ಯಾರಿಗೂ ಈ ಮಾತನ್ನ ಬಿಡಿಸಿ ಹೇಳಬೇಕಾಗಿಲ್ಲ.

ರಾಜ ಊಟ ಬಿಟ್ಟು ಮಲಗಿದ. ರಾಣಿ ಈಜೆಬೆಲ್ ಮಾತ್ರ ಸೈನ್ಯ ಕಳಿಸಲಿಲ್ಲ, ಪತ್ರ ಬರೆದಳು. ರಾಜನ ಹೆಸರು, ರಾಜನ ಮುದ್ರೆ, ನಾಬೋತನ ಊರಿನ ಹಿರಿಯರಿಗೆ. ಅವರು ಸಭೆ ಕರೆದರು, ಇಬ್ಬರು ಸುಳ್ಳು ಸಾಕ್ಷಿಗಳನ್ನ ಕೂರಿಸಿದರು. ನಾಬೋತ ದೇವರನ್ನೂ ರಾಜನನ್ನೂ ಬೈದ ಅಂತ ತೀರ್ಪಾಯ್ತು. ಊರ ಹೊರಗೆ ಕರೆದೊಯ್ದು ಕಲ್ಲು ಹೊಡೆದು ಕೊಂದರು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಅಪ್ರೂವಲ್ ಎಲ್ಲಾ ಸರಿಯಾಗಿದೆ, ಲಾಗ್‌ನಲ್ಲಿ ಒಂದೂ ಎರರ್ ಇಲ್ಲ.

ನಾನು ಚಿಕ್ಕವನಿದ್ದಾಗ ಅಪ್ಪ ಒಂದು ಪಹಣಿಗೆ ಎರಡು ಮೂರು ಸಲ ಅಲೆದು, ‘ಚಾ ಕುಡಿಯೋಕೆ’ ಅಂತ ಏನಾದ್ರೂ ಕೊಟ್ಟೇ ತರಬೇಕಿತ್ತು. ಆಮೇಲೆ ಭೂಮಿ ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಸೇರಿದವು. ಆಗ 15 ರೂಪಾಯಿ ಕಟ್ಟಿದ್ರೆ ಪ್ರತಿ ಕೈಗೆ ಬರ್ತಿತ್ತು. ದೊಡ್ಡ ಕೆಲಸ ಅದು. ಆದರೆ ಸುಳ್ಳು ಸಾಕ್ಷಿಯನ್ನ ಯಾವ ಸಾಫ್ಟ್‌ವೇರೂ ತಾನಾಗಿ ಹಿಡಿಯಲ್ಲ. ಕೊಟ್ಟ ದಾಖಲೆಯನ್ನ ಅದು ಜೋಪಾನವಾಗಿ ಇಟ್ಟುಕೊಳ್ಳುತ್ತೆ, ಅಷ್ಟೇ.

ಹಾಗಾದ್ರೆ ಒಳ್ಳೆ ನಾಯಕ ಯಾರು? ಬೈಬಲ್ ಅವನ ಭಾಷಣ ನೋಡಲ್ಲ, ಲೆಕ್ಕ ನೋಡುತ್ತೆ. ಮುದುಕನಾದ ಸಮುವೇಲ ಹೊಸ ರಾಜನ ಎದುರೇ ಜನರ ಮುಂದೆ ನಿಂತು, ಯಾರ ಎತ್ತು ಹೊಡ್ಕೊಂಡಿದ್ದೀನಿ, ಯಾರ ಹತ್ರ ಲಂಚ ತಿಂದಿದ್ದೀನಿ, ಹೇಳಿ, ವಾಪಸ್ ಕೊಡ್ತೀನಿ ಅಂತ ಕೇಳಿದ. ನೀನು ನಮಗೆ ಮೋಸ ಮಾಡಿಲ್ಲ, ಯಾರ ಕೈಯಿಂದಲೂ ಏನೂ ತಗೊಂಡಿಲ್ಲ ಅಂತ ಜನ ಉತ್ತರ ಕೊಟ್ಟರು. ಅವನ ಮಕ್ಕಳು ಮಾತ್ರ ಲಂಚಕೋರರು; ಅದನ್ನೂ ಬೈಬಲ್ ಮುಚ್ಚಿಟ್ಟಿಲ್ಲ. ನೆಹೆಮೀಯ 12 ವರ್ಷ ಯೆಹೂದದ ರಾಜ್ಯಪಾಲನಾಗಿದ್ದ. ಜನರ ಮೇಲೆ ಹೊರೆ ಜಾಸ್ತಿ ಅಂತ ಹುದ್ದೆಗೆ ಬರುವ ಊಟದ ಭತ್ಯೆಯನ್ನೂ ಮುಟ್ಟಲಿಲ್ಲ. ನಮ್ಮ ಶಾಸಕರೂ ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು ಅಂತ ಕಾನೂನಿದೆ. ಸಮುವೇಲ ಅದನ್ನೇ ಜನರ ಮುಖ ನೋಡಿ ಮಾಡಿದ.

ಅಹಾಬನನ್ನ ಪ್ರಶ್ನೆ ಮಾಡೋಕೆ ಪ್ರವಾದಿ ಎಲೀಯ ಬಂದ, ಆದರೆ ಅಷ್ಟೊತ್ತಿಗೆ ನಾಬೋತ ಸತ್ತಿದ್ದ. ನನಗೆ ಕಾಡೋದು ಅಹಾಬನಲ್ಲ, ಆ ಊರಿನ ಹಿರಿಯರು. ಅವರ ಹೆಸರೂ ಗ್ರಂಥದಲ್ಲಿಲ್ಲ. ರಾಜರಾಗೋ ಸಾಧ್ಯತೆ ನಮಗ್ಯಾರಿಗೂ ಇಲ್ಲ. ಮೇಲಿಂದ ಬಂದ ಪತ್ರಕ್ಕೆ, ಮೇಲ್‌ಗೆ ಸರಿ ಅನ್ನೋ ಜಾಗದಲ್ಲಿ ಮಾತ್ರ ನಾವೆಲ್ಲ ಇದ್ದೀವಿ. ಅವತ್ತು ಒಬ್ಬ ಹಿರಿಯ ‘ನಾನು ಇದಕ್ಕೆ ಒಪ್ಪಲ್ಲ’ ಅಂದಿದ್ರೆ? ಪತ್ರ ಇನ್ನೊಬ್ಬರ ಹತ್ರ ಹೋಗ್ತಿತ್ತು ಅಂತೀರಾ? ಹೋಗ್ಲಿ ಬಿಡಿ. ನಾಬೋತನಿಗೆ ಒಂದು ದಿನ ಜಾಸ್ತಿ ಸಿಗ್ತಿತ್ತು.