ಓಡಿಸುವುದಿಲ್ಲ, ಕೂರಿಸಿಕೊಳ್ಳುತ್ತಾರೆ

ಮೈಮೇಲೆ ಬರುವುದೆಂದರೆ ನಮ್ಮ ಆನೇಮಹಲ್ ಕಡೆಯವರಿಗೆ ಹೊಸದೇನಲ್ಲ. ತೋಟದ ಲೈನುಮನೆಯಲ್ಲಿ ಹೆಣ್ಣೊಬ್ಬಳು ತಲೆ ಕೆದರಿಕೊಂಡು ಕೂಗತೊಡಗಿದರೆ ‘ಗಾಳಿ ಸೋಕಿದೆ’ ಎನ್ನುತ್ತಾರೆ. ಮಂತ್ರ ಹಾಕುವವನು ಬರುತ್ತಾನೆ. ಲಕ್ಕಿ ಬರಲಿನ ಏಟು, ‘ಬಿಟ್ಟು ಹೋಗ್ತೀಯೋ ಇಲ್ವೋ’ ಎಂಬ ಗದರಿಕೆ. ಏಟು ಬೀಳುವುದು ಗಾಳಿಗಲ್ಲ, ಆ ಹೆಣ್ಣಿನ ಬೆನ್ನಿಗೆ.

ಬಂದದ್ದನ್ನು ಓಡಿಸದೆ, ಕೂರಿಸಿಕೊಂಡು ಮಾತಾಡಿಸುವ ಪದ್ಧತಿಯೂ ಲೋಕದಲ್ಲಿ ಉಂಟೆಂದು ಓದಿದಾಗ ನನಗೆ ಸೋಜಿಗವಾಯಿತು. ಇಥಿಯೋಪಿಯಾ, ಸುಡಾನ್, ಈಜಿಪ್ಟುಗಳ ‘ಜಾರ್’ ಅಂಥದ್ದು. ಬಂದದ್ದು ಏನು ಕೇಳುತ್ತದೆಂದು ವಿಚಾರಿಸಿ ರಾಜಿ ಮಾಡಿಕೊಳ್ಳುತ್ತಾರೆ. ಒಂದೊಂದಕ್ಕೂ ಅದರದೇ ತಾಳ, ಅದರದೇ ಹಾಡು. ಸೇರುವವರು ಹೆಚ್ಚಾಗಿ ಹೆಂಗಸರೇ. ಇಥಿಯೋಪಿಯಾದಲ್ಲಿ ಅದಕ್ಕೆ ಕಾಫಿ ಕೊಡುವುದೂ ಉಂಟು! ಕಾಫಿಯ ತವರೂ ಆ ನಾಡೇ ತಾನೆ. ಅಲ್ಲಿಂದ ಯೆಮನ್‌ಗೆ ಹೋದ ಗಿಡ, ಬಾಬಾಬುಡನ್ ತಂದ ಏಳು ಬೀಜಗಳಾಗಿ ನಮ್ಮ ಮಲೆನಾಡಿಗೆ ಬಂತೆಂದು ಐತಿಹ್ಯ.

ಮೊರಾಕ್ಕೊದ ಗ್ನಾವಾ ಜನ ಸಹಾರಾ ದಾಟಿಸಿ ತಂದ ಗುಲಾಮರ ಸಂತತಿ. ಮೂರು ತಂತಿಯ ಗಿಂಬ್ರಿ ಮೀಟುತ್ತ, ಕಬ್ಬಿಣದ ತಾಳ ಹಾಕುತ್ತ ರಾತ್ರಿಯಿಡೀ ಹಾಡುತ್ತಾರೆ. ಅಲ್ಲಾಹನ, ಪ್ರವಾದಿಯವರ ಸ್ತುತಿಯ ಜೊತೆಗೇ ಆಫ್ರಿಕದ ಹಳೆಯ ಶಕ್ತಿಗಳಿಗೂ ಕರೆ. 2019ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಷ್ಟು ದೂರವೇಕೆ? ಗುಜರಾತಿನ ಭರೂಚ್ ಜಿಲ್ಲೆಯ ರತನ್‌ಪುರದಲ್ಲಿ ಬಾವಾ ಗೋರ್ ದರ್ಗಾ ಇದೆ. ಆಫ್ರಿಕ ಮೂಲದ ಸಿದ್ದಿಗಳು ಅಲ್ಲಿ ಡೋಲು ಬಡಿದು ‘ಗೋಮಾ’ ಕುಣಿಯುತ್ತಾರೆ. ಸ್ವಾಹಿಲಿಯಲ್ಲಿ ಡೋಲಿಗೂ ಕುಣಿತಕ್ಕೂ ಇರುವ ‘ಎನ್‌ಗೋಮಾ’ ಎಂಬ ಮಾತೇ ಇದು. ಹೆಂಗಸರು ಕಷ್ಟ ಹೇಳಿಕೊಳ್ಳಲು ಬಾವಾನ ಸೋದರಿ ಮಾಯಿ ಮಿಸ್ರಾ ಇದ್ದಾಳೆ. ಗ್ನಾವಾಗಳೂ ಈ ಸಿದ್ದಿಗಳೂ ನೆನೆಯುವ ಹಿರಿಯರು ಒಬ್ಬರೇ: ಗುಲಾಮಗಿರಿಯಿಂದ ಬಿಡುಗಡೆ ಪಡೆದು ಇಸ್ಲಾಮಿನ ಮೊದಲ ಬಾಂಗು ಕೂಗಿದ ಬಿಲಾಲ್. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಇದ್ದಾರೆ. ಅವರ ಡಮಾಮಿ ಡೋಲೂ ಆಫ್ರಿಕದ ನೆನಪನ್ನೇ ನುಡಿಯುತ್ತದೆ.

‘ಇದನ್ನೆಲ್ಲ ನಂಬ್ತೀರಾ ಟೀಚರ್?’ ಎಂದು ನೀವು ಕೇಳಬಹುದು. ಭೂತವನ್ನು ನಂಬುವುದಿಲ್ಲ. ಆದರೆ ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಮೈಮೇಲೆ ಬಂದಿತ್ತು. ಬರಲು ಹಿಡಿದವರನ್ನು ಅವಳಜ್ಜಿ ತಡೆದರು. ಪಕ್ಕದಲ್ಲಿ ಕೂತು, ‘ಏನವ್ವ ಬೇಕು ನಿಂಗೆ?’ ಎಂದರು. ‘ಇವಳನ್ನ ಶಾಲೆ ಬಿಡಿಸಬೇಡಿ’ ಎಂದಿತು ಬಂದದ್ದು. ಮನೆಯಲ್ಲಿ ಮದುವೆಯ ಮಾತು ನಡೆದಿತ್ತಂತೆ.

ಡಾಕ್ಟರಿಗೂ ತೋರಿಸಿದೆವು, ಕಾಯಿಲೆ ಏನೂ ಇರಲಿಲ್ಲ. ಮೂರ್ಛೆರೋಗವಾಗಿದ್ದರೆ ಮಾತ್ರೆಯೇ ಬೇಕು, ಡೋಲಲ್ಲ; ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತನ್ನ ಬಾಯಲ್ಲಿ ಆಡಿದರೆ ಏಟು ಬೀಳುವ ಮಾತನ್ನು ಆ ಮಗು ಇನ್ನೊಬ್ಬರ ಹೆಸರಲ್ಲಿ ಆಡಬೇಕಾಯಿತಲ್ಲ! ಜಾರ್‌ಗೆ ಬರುವ ಹೆಂಗಸರ ಹೊಟ್ಟೆಯೊಳಗೂ ಇಂಥ ಮಾತುಗಳೇ ಎಷ್ಟಿರುತ್ತವೋ.

ಮದುವೆಯ ಮಾತು ನಿಂತಿತು. ಅವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಮತ್ತೆಂದೂ ಅವಳ ಮೈಮೇಲೆ ಏನೂ ಬರಲಿಲ್ಲ.